ಲಾಲಮ್ಮನ ಅತ್ತಿ

ಕಲ್ಯಾಣಮ್ಮನಿಗೂ ಬಾಲಪ್ಪ ಸರ್ ಅವರಿಗೂ ಹನ್ನೆರಡು ವರ್ಷಗಳಿಂದ ನಡೆದಿದ್ದ ಜಗಳ ಒಂದು ಪ್ರಶ್ನಾರ್ಥಕ ಚಿಹ್ನೆಯ ಕುರಿತಾದದ್ದು. ಅದೂ ಕಂಸದೊಳಗೆ ಕೂತ ಸಣ್ಣದೊಂದು ಚಿಹ್ನೆ.

ಬಾಲಪ್ಪ ಯಾದಗಿರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಸುತ್ತಲಿನ ಊರುಗಳ ಹಕ್ಕಿ ನೋಡುವ ಹುಚ್ಚರನ್ನೆಲ್ಲ ಒಟ್ಟುಗೂಡಿಸಿ ಬಳಗವೊಂದನ್ನು ಕಟ್ಟಿದ್ದರು. ಆ ಬಳಗ ಹಿಂದೊಮ್ಮೆ ಹಕ್ಕಿಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿತ್ತು. ಅದರ ಹದಿನೇಳನೆಯ ಪುಟದಲ್ಲಿ ಹೀಗೊಂದು ಸಾಲು: ‘ಮೀನುಗೂಬೆ (?) — ದೇವಾಪುರದ ಕಾಲುವೆ, ಶ್ರೀಮತಿ ಕಲ್ಯಾಣಮ್ಮ, ಶಿಕ್ಷಕಿ, ಸುರಪುರ.’

ಆ ಸಾಲನ್ನು ಕಲ್ಯಾಣಮ್ಮ ಎಷ್ಟು ಸಲ ಓದಿದ್ದಳೆಂದರೆ, ಪುಸ್ತಿಕೆ ಮೇಜಿನ ಮೇಲಿಟ್ಟರೆ ತಾನಾಗಿಯೇ ಹದಿನೇಳನೆಯ ಪುಟಕ್ಕೆ ತೆರೆದುಕೊಳ್ಳುತ್ತಿತ್ತು. ಪ್ರಶ್ನೆ ಗೂಬೆಯ ಬಗ್ಗೆಯೋ ತನ್ನ ಬಗ್ಗೆಯೋ ಎನ್ನುವುದು ಅವಳ ಅನುಮಾನ. ಆ ಚಿಹ್ನೆ ಗೂಬೆಗೆ ಬೆನ್ನು ಮಾಡಿ, ತನ್ನ ಹೆಸರಿನ ಕಡೆಗೇ ಕಿವಿ ಕೊಟ್ಟು ಕುಳಿತಂತೆ ಅವಳಿಗೆ ಕಾಣುತ್ತಿತ್ತು.

ಅವಳು ನೋಡಿದ್ದಂತೂ ನಿಜ. ಹನ್ನೆರಡು ವರ್ಷಗಳ ಹಿಂದೆ, ತಿಂಥಣಿಗೆ ಹೋಗಿ ಮೌನೇಶ್ವರನಿಗೆ ಕಾಯಿ ಒಡೆಸಿಕೊಂಡು ಬಸ್ಸಿನಲ್ಲಿ ಮರಳುವಾಗ, ಇನ್ನೂ ಬಿಸಿಲಿದ್ದ ಸಂಜೆಯಲ್ಲಿ, ಕಾಲುವೆಯ ಗೇಟಿನ ಕಬ್ಬಿಣದ ಮೇಲೆ ಅದು ಕೂತಿತ್ತು. ಹದ್ದಿಗಿಂತ ದೊಡ್ಡದು. ತಲೆಯ ಮೇಲೆ ಎರಡು ಕೊಂಬು, ಹಳದಿ ಕಣ್ಣು. ಬಸ್ಸು ಎಮ್ಮೆಗಳಿಗೆ ದಾರಿ ಬಿಡಲೆಂದು ನಿಂತಿದ್ದರಿಂದ ಅವಳಿಗೆ ಅದರ ಕಾಲೂ ಕಂಡವು. ಪುಕ್ಕವಿಲ್ಲದ ಬೋಳು ಕಾಲು. ಬೋಳು ಕಾಲಿದ್ದರೆ ಮೀನುಗೂಬೆ, ಪುಕ್ಕದ ಕಾಲಿದ್ದರೆ ಕೊಂಬಿನ ಗೂಬೆ. ಇಷ್ಟೇ ಸಂಗತಿ.

“ಮೇಡಂ, ಸುರಪುರದ ಬಿರುಬಿಸಿಲ ಸೀಮಿಯೊಳಗ ಮೀನುಗೂಬೆ ಎಲ್ಲಿಂದ ಬರಬೇಕ್ರಿ?” ಎಂದಿದ್ದರು ಬಾಲಪ್ಪ. “ಅದು ಹೊಳಿ ದಂಡಿ ಬಿಟ್ಟು ಬರಂಗಿಲ್ಲ. ಶಹಾಪುರದ ಗುಡ್ಡದಿಂದ ಕೊಂಬಿನ ಗೂಬೆ ಬಂದಿರಬೇಕು. ಬಸ್ಸಿನ್ಯಾಗ ಕುಂತು ನೀವು ಅದರ ಕಾಲು ನೋಡೀರಿ? ಖರೇನು?”

ಆ ‘ಖರೇನು’ ಎಂಬ ಮಾತು ಕಲ್ಯಾಣಮ್ಮನಿಗೆ ಹೊಸದಾಗಿರಲಿಲ್ಲ. ಅವಳು ಕೀಲಿ ಹಾಕಿ ಬಂದರೆ ಗಂಡ ಪಂಪಣ್ಣ ಮತ್ತೊಮ್ಮೆ ಹೋಗಿ ಜಗ್ಗಿ ನೋಡಿ ಬರುತ್ತಿದ್ದ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೆ ಅತ್ತೆ ಬದುಕಿದ್ದಾಗ ಅಂಗೈ ಮೇಲೆ ಒಂದು ಹನಿ ಹಾಕಿಸಿಕೊಂಡು ನೆಕ್ಕಿ ನೋಡುತ್ತಿದ್ದರು. ತಲೆ ನೋಯುತ್ತಿದೆ ಎಂದರೂ ಖರೇನು. ಯಾರಿಗೂ ಅವಳ ಮೇಲೆ ಸಿಟ್ಟಿರಲಿಲ್ಲ, ಅವಳು ಸುಳ್ಳು ಹೇಳುತ್ತಾಳೆಂದು ಯಾರೂ ಅಂದುಕೊಂಡಿರಲೂ ಇಲ್ಲ. ಹೆಂಗಸು ಆಡಿದ ಮಾತಿಗೆ ಗಂಡಸಿನ ಒಂದು ಸಹಿ ಬೇಕು, ಅಷ್ಟೆ. ಮನೆಯದನ್ನೆಲ್ಲ ಅವಳು ನುಂಗಿಕೊಂಡಿದ್ದಳು. ಇದನ್ನು ಮಾತ್ರ ಅಚ್ಚು ಹಾಕಿಸಿದ್ದರು.

ಆಮೇಲೆ ಶುರುವಾಯಿತು ಹುಡುಕಾಟ. ಪಂಪಣ್ಣನಿಗೆ ಸುರಪುರದ ಬಜಾರಿನಲ್ಲಿ ಕಿರಾಣಿ ಅಂಗಡಿ. ಹೆಂಡತಿ ರವಿವಾರಕ್ಕೊಮ್ಮೆ ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು ಹೊರಟರೆ ಅವನು ಗಿರಾಕಿಗಳ ಮುಂದೆಯೇ, “ನಮ್ಮ ಮನಿ ಲಕ್ಷ್ಮಿ ತನ್ನ ವಾಹನ ಹುಡಕ್ಲಿಕ್ಕೆ ಹೊಂಟಾಳ್ರಪ” ಎನ್ನುತ್ತಿದ್ದ. ಶಹಾಪುರದ ಗುಡ್ಡದ ಬಂಡೆಗಳ ಸಂದುಗಳಲ್ಲಿ ಅವಳಿಗೆ ಕೊಂಬಿನ ಗೂಬೆ ಮೂರು ಸಲ ಸಿಕ್ಕಿತು. ಮೂರೂ ಸಲ ಪುಕ್ಕ ತುಂಬಿದ ಕಾಲು! ಕೆಂಭಾವಿಯ ಹಾಳು ಮನೆಯೊಂದರಲ್ಲಿ ಕಣಜಗೂಬೆ ಸಿಕ್ಕಿತು. ದೇವಾಪುರದ ಗೇಟಿಗೆ ಎಷ್ಟು ರವಿವಾರ ದುರ್ಬೀನು ಹಿಡಿದರೂ ಕಬ್ಬಿಣ ಖಾಲಿಯೇ ಇತ್ತು. ತಿಂಥಣಿಯ ಹೊಳೆದಂಡೆಯಲ್ಲಿ ಎರಡು ಬೇಸಿಗೆ ಕಾದರೂ ಸಿಕ್ಕಿದ್ದು ನೆಗಡಿ.

ಯಾದಗಿರಿ ಹೊಸ ಜಿಲ್ಲೆಯಾಗಿ ವರ್ಷ ತುಂಬುತ್ತ ಬಂದಾಗ ಬಾಲಪ್ಪ ಫೋನು ಮಾಡಿದರು. “ಮೇಡಂ, ಹೊಸ ಜಿಲ್ಲಾಕ್ಕ ಹೊಸಾ ಪಟ್ಟಿ ಮಾಡಾಕತ್ತೀವಿ. ಈ ಸಲ ಅನುಮಾನದ್ದು ಒಂದೂ ಬ್ಯಾಡ ಅಂತ ಠರಾವ ಆಗ್ಯದ. ಈ ತಿಂಗಳದಾಗ ತೋರಿಸಿದ್ರ ಹಾಕ್ತೀವಿ. ಇಲ್ಲಂದ್ರ ಆ ಸಾಲ ತೆಗೀತೀವಿ, ಬ್ಯಾಸರ ಮಾಡ್ಕೋಬ್ಯಾಡ್ರಿ.”

ಪ್ರಶ್ನಾರ್ಥಕ ಚಿಹ್ನೆಗಿಂತ ಕೆಟ್ಟದ್ದೊಂದು ಇದೆಯೆಂದು ಕಲ್ಯಾಣಮ್ಮನಿಗೆ ಆಗ ತಿಳಿಯಿತು. ಸಾಲು ಹೋದರೆ ಅವಳು ನೋಡಿಯೇ ಇಲ್ಲ ಎಂದಾಗುತ್ತದೆ. ಡಿಸೆಂಬರಿನ ಆರನೆಯ ತಾರೀಖು ಅವತ್ತು.

ಅವಳು ಕಲಿಸುತ್ತಿದ್ದುದು ದೇವಾಪುರದ ಶಾಲೆಯಲ್ಲಿ. ಅಲ್ಲಿ ಮಕ್ಕಳ ಬಿಸಿಯೂಟ ಬೇಯಿಸಲು ಇಬ್ಬರು, ಹಿರಿಯಳು ಮರಿಲಿಂಗಮ್ಮ, ಕಿರಿಯಳು ಲಾಲಮ್ಮ. ಅಡುಗೆ ಶುರುವಾದ ಮೊದಲ ವಾರದಲ್ಲೇ ಕಲ್ಯಾಣಮ್ಮ ಅಲ್ಲಿ ಒಂದು ತಪ್ಪು ಮಾಡಿದ್ದಳು. ಒಲೆಯ ಮುಂದೆ ನಿಂತು, “ಈ ಕಡೆ ಗೂಗಿ ಏನರೆ ಕಂಡದೇನು?” ಎಂದು ಕೇಳಿಬಿಟ್ಟಿದ್ದಳು.

ಮರಿಲಿಂಗಮ್ಮ ಸೌಟು ಎತ್ತಿಕೊಂಡೇ ಬಂದಿದ್ದಳು. “ಅಕ್ಕೋರ! ಒಲಿ ಮುಂದ ಆ ಹೆಸರ ತೆಗೀತಾರೇನ್ರಿ? ಮಕ್ಕಳು ಉಣ್ಣೋ ಅನ್ನ ಅದ! ಲಾಲಿ, ಉಪ್ಪು ನಿವಾಳಿಸಿ ಒಗಿಯಬೇ.”

ಅಂದಿನಿಂದ ಕಲ್ಯಾಣಮ್ಮ ಅಡುಗೆಮನೆಯಲ್ಲಿ ಆ ಸುದ್ದಿ ಎತ್ತಿರಲಿಲ್ಲ. ಅಕ್ಕೋರು ಗುಬ್ಬಿ, ಗೊರವಂಕ, ಬೆಳ್ಳಕ್ಕಿ ನೋಡುತ್ತಾರೆ ಎಂದಷ್ಟೇ ಲಾಲಮ್ಮನಿಗೆ ಗೊತ್ತು.

ಮಾತಿಗೆ ಬೇರೆ ವಿಷಯ ಇದ್ದೇ ಇತ್ತು. ಲಾಲಮ್ಮನ ಅತ್ತಿ.

ಶಾಲೆಯ ಬೋರಿಂಗು ಕೆಟ್ಟು ಯಾವ ಕಾಲವಾಗಿತ್ತೋ. ಊಟವಾದ ಮೇಲೆ ಲಾಲಮ್ಮ ದೊಡ್ಡ ಡಬರಿಗಳನ್ನು ಕಾಲುವೆಯ ಮೆಟ್ಟಿಲಿಗೆ ಒಯ್ದು ತಿಕ್ಕಿ ತರುತ್ತಿದ್ದಳು. ತಂದು ಬೋರಲು ಹಾಕುತ್ತ ಅತ್ತಿಯ ವರದಿ ಒಪ್ಪಿಸುತ್ತಿದ್ದಳು. ನಾಲ್ಕು ವರ್ಷಗಳಿಂದ ಇದು ನಡೆದಿತ್ತು.

“ಏನ್ ಹೇಳ್ಲಿ ಅಕ್ಕೋರ, ನಾ ಬಾಂಡೆ ತಿಕ್ಕೋತನಾ ಅತ್ತಿ ನನ್ನ ಮ್ಯಾಲೇ ಕಣ್ಣ ಇಟ್ಟಿದ್ಲು. ಅರ್ಧಾ ಕಣ್ಣ ಮುಚ್ಚಿರ್ತಾಳ, ನಿದ್ದಿ ಹತ್ಯದ ಅನಕೋಬೇಕು. ಆದ್ರ ಎಲ್ಲಾ ಕಾಣ್ತದ ಆಕಿಗಿ.”

“ಮಾತಾಡ್ತಾಳೋ ಇಲ್ಲೋ?”

“ಎಲ್ಲೀ ಮಾತ್ರಿ! ಒಮ್ಮೊಮ್ಮೆ ಹೂಂ ಅಂತಾಳ. ಅದೂ ಗಂಟಲದಾಗ. ಎದಿ ಝಲ್ ಅಂತದ.”

ಕಲ್ಯಾಣಮ್ಮ ನಿಟ್ಟುಸಿರಿಟ್ಟಳು. ತನ್ನ ಅತ್ತೆಯ ಹೂಂ ಅವಳಿಗೆ ನೆನಪಿತ್ತು.

ಇನ್ನೊಂದು ದಿನ, “ಕುತ್ತಿಗಿ ಪೂರಾ ಹಿಂದಕ್ಕ ತಿರುವಿ ನೋಡ್ತಾಳ್ರಿ. ಬೆನ್ನ ಮಾಡಿ ಕುಂತಾಳ, ಇನ್ನ ಜರಾ ಆರಾಮ ಆಗಮು ಅಂದ್ರ ಮಾರಿ ಈ ಕಡೀನೇ!” ಅದನ್ನೂ ಕಲ್ಯಾಣಮ್ಮ ನಂಬಿದಳು. ಬೆನ್ನು ಮಾಡಿ ಕೂತೇ ಒಗ್ಗರಣೆಗೆ ಎಷ್ಟು ಚಮಚ ಎಣ್ಣೆ ಬಿತ್ತೆಂದು ಹೇಳುವವರನ್ನು ಅವಳೂ ಕಂಡವಳು.

“ಮೀನ ಇಲ್ಲದಿದ್ರ ಆಕಿಗಿ ನಡ್ಯಂಗಿಲ್ಲ. ಏಡಿ ಸಿಕ್ಕಿತಂದ್ರ ಹಬ್ಬ. ಎಲಬು, ಚಿಪ್ಪು ಎಲ್ಲಾ ಮೆಟ್ಟಿಲ ಮ್ಯಾಲೇ ಉಗುಳ್ತಾಳ. ನಾನೇ ಬಳೀಬೇಕು.” ಮನೆಯೊಳಗೆ ಮೊಟ್ಟೆಯನ್ನೂ ತಾರದ ಕಲ್ಯಾಣಮ್ಮ ಇದನ್ನು ಮಾತ್ರ ತುಟಿ ಬಿಗಿಹಿಡಿದು ಕೇಳಿದಳು.

ಒಮ್ಮೆ ಬುದ್ಧಿಯನ್ನೂ ಹೇಳಿದ್ದಳು. “ಲಾಲಮ್ಮ, ಮೊದಲನೇ ಬಿಸಿ ರೊಟ್ಟಿ ಆಕಿಗೆ ಕೊಟ್ಟು ನೋಡು. ವಯಸ್ಸಾದವರಿಗೆ ಬೇಕಾದದ್ದು ಇಷ್ಟ ಮರ್ಯಾದಿ.”

ಲಾಲಮ್ಮ ಅವಳನ್ನು ಒಂದು ಗಳಿಗೆ ದಿಟ್ಟಿಸಿ, “ರೊಟ್ಟಿ? ಕೊಟ್ಟು ನೋಡ್ತೀನ್ರಿ” ಎಂದು ಹೋದವಳು ಮರುದಿನ ಬಂದು ಹೇಳಿದಳು: “ಮೂಸಿ ಸುದಾ ನೋಡಲಿಲ್ರಿ ಅಕ್ಕೋರ. ನಾಯಿ ತಿಂದು ಹೋತು.”

ಬಿಸಿ ರೊಟ್ಟಿಯನ್ನು ನಾಯಿಗೆ ಬಿಟ್ಟ ಆ ಮುದುಕಿಯ ಸೊಕ್ಕು ಕಲ್ಯಾಣಮ್ಮನನ್ನು ಇಡೀ ವಾರ ಕಾಡಿತು. ಸಿಟ್ಟಿನ ಅಡಿಯಲ್ಲಿ ಮಾತ್ರ ಒಂದಿಷ್ಟು ಹೊಟ್ಟೆಕಿಚ್ಚಿತ್ತು. ಹಗಲೆಲ್ಲ ಸುಮ್ಮನೆ ಕೂತು, ಬೇಡವಾದದ್ದನ್ನು ಬೇಡ ಎಂದು, ಒಂದೇ ಒಂದು ಹೂಂ ಎಂದರೆ ಎದುರಿನವರ ಎದೆ ಝಲ್ಲೆನ್ನುವಂತೆ ಬದುಕುವ ಹೆಂಗಸು! ಅವಳನ್ನು ಯಾರಾದರೂ ಖರೇನು ಎಂದು ಕೇಳುತ್ತಾರೆಯೆ?

ಹದಿನೇಳನೆಯ ತಾರೀಖು, ಶುಕ್ರವಾರ. ಮೋಡ ಕವಿದ ದಿನ. ಕಲ್ಯಾಣಮ್ಮ ಹಾಜರಿ ಪುಸ್ತಕ ಮುಚ್ಚಿ ಬಸ್ಸಿಗೆ ಹೊರಟಿದ್ದಳು. ಲಾಲಮ್ಮ ತಲೆಯ ಮೇಲೆ ಡಬರಿ ಹೊತ್ತು ಅಂಗಳಕ್ಕೆ ಬಂದಳು. ಸೀರೆಯ ಮುಂಭಾಗವೆಲ್ಲ ತೊಯ್ದಿತ್ತು.

“ಇವತ್ತೇನ್ ಕೇಳ್ತೀರಿ ಅಕ್ಕೋರ, ಅತ್ತಿ ಗೇಟಿನ ಮ್ಯಾಲಿಂದ ಕೆನಾಲಕ್ಕ ಹಾರಿದ್ಲು.”

ಕಲ್ಯಾಣಮ್ಮನ ಕೈಯಿಂದ ಚೀಲ ಬಿತ್ತು. “ಅಯ್ಯ ನನ ಶಿವನ! ಹಾರಿದ್ಲಾ? ಮತ್ತ ನೀ ಹಿಂಗ ಬಾಂಡೆ ಹೊತಗೊಂಡು ಬಂದೀ? ಯಾರರೆ ಇಳದ್ರೋ ಇಲ್ಲೋ ನೀರಿಗಿ? ಪೊಲೀಸರಿಗಿ...”

“ಪೊಲೀಸರ ಯಾಕ್ರಿ? ಮೀನ ಹಿಡಕೊಂಡು ಮ್ಯಾಲ ಬಂದ್ಲು. ನನಗೇ ನೀರ ಸಿಡೀತು ನೋಡ್ರಿ, ಪೂರಾ ತೊಯ್ದೇನಿ.”

“ಮೀನು... ಕೈಯಾಗ ಹಿಡಕೊಂಡು?”

“ಕೈ ಎಲ್ಲಿಂದ ಬರಬೇಕ್ರಿ? ಕಾಲಾಗ. ಹಿಡಕೊಂಡು ಸೀದಾ ಹುಣಸಿ ಗಿಡದ ಮ್ಯಾಲ ಹೋಗಿ ಕುಂತ್ಲು.”

ಕಲ್ಯಾಣಮ್ಮ ತನ್ನ ಐವತ್ತೊಂದು ವರ್ಷಗಳ ಬುದ್ಧಿಯನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿಕೊಂಡು ಮೆಲ್ಲಗೆ ಕೇಳಿದಳು, “ಲಾಲಮ್ಮ, ನಿಮ್ಮ ಅತ್ತಿ ಗಿಡ ಹತ್ತತಾಳಾ?”

“ನಮ್ಮತ್ತಿ ಯಾಕ ಹತ್ತತಾಳ್ರಿ? ಆಕಿ ಕೆಂಭಾವಿಯಾಗ ಹಿರಿ ಮಗನ ಮನಿಯಾಗ ಆರಾಮ ಅದಾಳ. ಮಣಕಾಲ ನೋವು ಬ್ಯಾರೆ.” ಹೇಳುತ್ತಿದ್ದಂತೆ ಲಾಲಮ್ಮನಿಗೂ ಏನೋ ಹೊಳೆಯಿತು. ಡಬರಿಯನ್ನು ನೆಲಕ್ಕಿಟ್ಟಳು. “ಅಕ್ಕೋರ... ನೀವು ಇಷ್ಟ ದಿನ ಖರೇ ಅತ್ತಿ ಅಂತ ತಿಳಕೊಂಡಿದ್ರಿ?”

“ಮತ್ತ ಯಾರು ಆಕಿ?”

ಲಾಲಮ್ಮ ಅಡುಗೆಮನೆಯ ಕಡೆ ನೋಡಿ, ಹತ್ತಿರ ಬಂದು, ಕಿವಿಯಲ್ಲಿ ಪಿಸುಗುಟ್ಟಿದಳು. “ಅದಾ... ನೀವು ಅವತ್ತ ಒಲಿ ಮುಂದ ಹೆಸರ ತಗದಿದ್ರಲ್ಲ, ಅದು. ದೊಡ್ಡ ಜಾತೀದು. ನಾವು ಹೆಣ್ಮಕ್ಕಳು ಅದರ ಹೆಸರ ಹಿಡಿಯಂಗಿಲ್ರಿ. ನಮ್ಮ ಹೆಸರೂ ಅದರ ಕಿವಿಗಿ ಬೀಳಬಾರದು, ಅದು ಹೆಸರ ಹಿಡದು ಕರದ್ರ ಕೇಡು. ಅತ್ತಿ ಅಂತೀವಿ. ದಿನಾ ಕುಂತು ನಮ್ಮನ್ನ ನೋಡ್ತದಲ್ಲ, ಅದಕ್ಕ.”

ಅಷ್ಟು ಹೇಳಿ ಅವಳು ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ಕುಸಿದು ಕೂತಳು. ನಗೆ ತಡೆಯಲಾಗದೆ ಅವಳ ಬೆನ್ನು ಕುಣಿಯುತ್ತಿತ್ತು. “ಬಿಸಿ ರೊಟ್ಟಿ! ಯವ್ವಾ! ಗಿಡದ ಬುಡಕ ಇಟ್ಟು ಬಂದೇನ್ರಿ ನಾನು! ಅಕ್ಕೋರು ಓದಿದವರು, ಏನೋ ಇರಬೇಕು ಅಂತ!”

ಕಲ್ಯಾಣಮ್ಮ ನಗಲಿಲ್ಲ. “ಕಾಲು ಹ್ಯಾಂಗವ ಲಾಲಮ್ಮ? ಕಾಲಿಗಿ ಪುಕ್ಕ ಅದಾವೇನು?”

“ಬೋಳ ಕಾಲ್ರಿ. ಕೋಳಿ ಕಾಲ ಇದ್ದಂಗ.”

ಅವತ್ತು ಬಸ್ಸು ಅವಳನ್ನು ಬಿಟ್ಟು ಹೋಯಿತು.

ಕಾಲುವೆ ಶಾಲೆಯಿಂದ ಕೂಗಳತೆಯಲ್ಲಿತ್ತು. ಮೆಟ್ಟಿಲುಗಳ ಎದುರು ದಂಡೆಯಲ್ಲಿ ಮುದಿ ಹುಣಸೆಮರ. ಹನ್ನೆರಡು ವರ್ಷ ಗುಡ್ಡ ಹತ್ತಿ ಹೊಳೆ ಇಳಿದವಳು ಆ ಮರದ ನೆರಳಿನಲ್ಲೇ ಎಷ್ಟೋ ಸಲ ಬಸ್ಸು ಕಾದಿದ್ದಳು. ಕಲ್ಯಾಣಮ್ಮ ಚೀಲದಿಂದ ದುರ್ಬೀನು ತೆಗೆದು ಎತ್ತಿದಳು. ಎಲೆಗಳ ನಡುವೆ ಕಂದು ಗಂಟೊಂದು ಮಿಸುಕಿತು. ಅಷ್ಟರಲ್ಲೇ ಕೊಂಬೆಯ ಹಿಂದಕ್ಕೆ ಸರಿದು ಇಲ್ಲವಾಯಿತು.

“ಹಾಂಗ ಕಣ್ಣಾಗ ಕಣ್ಣಿಟ್ಟು ನೋಡಿದ್ರ ಯಾವ ಅತ್ತಿ ಸಹಿಸ್ತಾಳ್ರಿ?” ಎಂದಳು ಲಾಲಮ್ಮ. “ಆ ದುರ್ಬೀನ ಒಳಗ ಇಡ್ರಿ. ತಲಿ ಮ್ಯಾಲ ಸೆರಗ ಹಾಕ್ರಿ. ಇಕಾ, ಈ ಡಬರಿ ಇನ್ನೂ ತಿಕ್ಕಿಲ್ಲ, ತಿಕ್ಕ್ರಿ. ಅನ್ನದ ಅಗಳು ನೀರಿಗಿ ಬಿದ್ರ ಮೀನ ಮೆಟ್ಟಿಲಿಗಿ ಬರ್ತಾವ, ಮೀನಿನ ಹಿಂದ ಆಕಿ ಬರ್ತಾಳ. ನೀವು ನೋಡಂಗಿಲ್ಲ. ಕೆಲಸ ಮಾಡೋರಂಗ ಮಾಡ್ರಿ, ಹಿಂಗ ಸೆರಗಿನ ಸಂದಿಯಾಗಿಂದ...”

ಈ ವಿದ್ಯೆಯನ್ನು ಕಲ್ಯಾಣಮ್ಮನಿಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ಮದುವೆಯಾದ ಮೊದಲ ಎಂಟು ವರ್ಷ ಅವಳು ಇಡೀ ಮನೆಯನ್ನು ನೋಡಿದ್ದೇ ಹೀಗೆ. ಯಾರು ಬಂದರು, ಯಾರ ಮುಖ ಬಾಡಿದೆ, ಯಾವ ಮಾತು ತನ್ನ ಬಗ್ಗೆ, ಎಲ್ಲವನ್ನೂ ರೊಟ್ಟಿ ಬಡಿಯುತ್ತ, ತಲೆ ಎತ್ತದೆ. ಬಳಗದವರ ಜೊತೆ ಸೇರಿದ ಮೇಲೆ ದುರ್ಬೀನು ಹಿಡಿದು ನೆಟ್ಟ ನೋಟದಿಂದ ನೋಡುವುದನ್ನು ಕಲಿತು, ಇದನ್ನು ಮರೆತಿದ್ದಳು.

ಬೂದಿ ಹಿಡಿದು ತಿಕ್ಕಿದಳು. ಅಗಳು ತೇಲಿ ಹೋದವು. ನೀರಿನ ಅಡಿಯಲ್ಲಿ ಬೆಳ್ಳಿಯ ಗೆರೆಗಳು ಓಡಾಡಿದವು. ಸೆರಗಿನ ಅಂಚಿನಲ್ಲಿ, ಕಣ್ಣಿನ ತುದಿಯಲ್ಲಿ, ಭಾರವಾದದ್ದೊಂದು ಸದ್ದಿಲ್ಲದೆ ಗೇಟಿನ ಕಬ್ಬಿಣದ ಮೇಲೆ ಬಂದು ಕೂತಿತು. ಎರಡು ಕೊಂಬು. ಹಳದಿ ಕಣ್ಣು. ಬೋಳು ಕಾಲು, ಉದ್ದದ ಉಗುರು.

ಬಸ್ಸಿನ ಕಿಟಕಿಯಲ್ಲಿ ಕಂಡದ್ದು ಇದೇ. ಒಂದು ಪುಕ್ಕದಷ್ಟೂ ವ್ಯತ್ಯಾಸವಿಲ್ಲ. ಒಳಗೊಳಗೆ ಅವಳಿಗೇ ಒಂದು ಅನುಮಾನ ಹುಟ್ಟಿ ಎಷ್ಟೋ ವರ್ಷಗಳಾಗಿದ್ದವೆಂದು ಈಗಷ್ಟೇ ಅವಳಿಗೆ ಗೊತ್ತಾಯಿತು. ಅಷ್ಟು ಸಲ ಕೇಳಿಸಿಕೊಂಡ ಮೇಲೆ ತಾನೂ ತನ್ನನ್ನು ಖರೇನು ಎಂದು ಕೇಳತೊಡಗಿದ್ದಳು. ಕಣ್ಣು ತುಂಬಿ ಗೂಬೆ ಎರಡಾಯಿತು. ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಮಸಿ ಬಳಿದುಕೊಂಡಳು.

“ಅಳಬ್ಯಾಡ್ರಿ,” ಎಂದಳು ಲಾಲಮ್ಮ ತಲೆ ಎತ್ತದೆ. “ಅತ್ತಿ ಮುಂದ ಅತ್ರ ಸಲಿಗಿ ಕೊಟ್ಟಂಗ ಆಗ್ತದ.”

ಬಾಲಪ್ಪ ಬಂದದ್ದು ಸೋಮವಾರ. ಅಡುಗೆಯಿಲ್ಲದ ದಿನ ಬಾಂಡೆಯಿಲ್ಲ, ಬಾಂಡೆಯಿಲ್ಲದಿದ್ದರೆ ಅತ್ತಿಯಿಲ್ಲ ಎಂದು ಲಾಲಮ್ಮ ಖಡಾಖಂಡಿತ ಹೇಳಿದ್ದಳು. ಮೋಜು ನೋಡಲು ಪಂಪಣ್ಣನೂ ಅಂಗಡಿ ಮುಚ್ಚಿಕೊಂಡು ಬಂದಿದ್ದ. ಬಾಲಪ್ಪ ಬಿಳಿ ಅಂಗಿ ತೊಟ್ಟು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದೊಡ್ಡ ದುರ್ಬೀನು ನಿಲ್ಲಿಸಿ, ಮುಕ್ಕಾಲು ತಾಸು ಹುಣಸೆಮರವನ್ನು ದಿಟ್ಟಿಸಿದರು. ಎಲೆಯೂ ಅಲ್ಲಾಡಲಿಲ್ಲ.

“ಕೊಂಬಿನ ಗೂಬೆನೇ ಇರಬೇಕು ಮೇಡಂ,” ಎಂದರು ಕೊನೆಗೆ. “ಇದ್ದರ.”

“ಸರ್, ಇದೆಲ್ಲಾ ತೆಗೀರಿ,” ಎಂದಳು ಕಲ್ಯಾಣಮ್ಮ. “ತಲಿ ಮ್ಯಾಲ ಟಾವೆಲ್ ಹಾಕ್ಕೊಂಡು ಮೆಟ್ಟಿಲಿಗಿ ಬರ್ರಿ. ಬಾಂಡೆ ತಿಕ್ಕಬೇಕು.”

“ಏನು?”

“ಡಬರಿ. ಬೂದಿ ಅಲ್ಲೇ ಅದ.”

ಪಂಪಣ್ಣ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಕಲ್ಯಾಣಮ್ಮ ಅವನ ಕೈಗೂ ಒಂದು ಪರಾತ ಕೊಟ್ಟಳು. “ನಕ್ಕೋತ ತಿಕ್ಕ್ರಿ, ಅಡ್ಡಿಯಿಲ್ಲ. ಮ್ಯಾಲ ಮಾತ್ರ ನೋಡಬ್ಯಾಡ್ರಿ.”

ಹೀಗೆ ಪ್ರಾಣಿಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರೊಬ್ಬರು ಮತ್ತು ಸುರಪುರದ ಕಿರಾಣಿ ವ್ಯಾಪಾರಿಯೊಬ್ಬರು ತಲೆಗೆ ಟಾವೆಲ್ ಹೊದ್ದು, ಕುಕ್ಕರಗಾಲಲ್ಲಿ ಕೂತು, ದೇವಾಪುರದ ಕಾಲುವೆಯಲ್ಲಿ ಮಕ್ಕಳ ಸಾರಿನ ಬಾಂಡೆ ತಿಕ್ಕಿದರು. ಬಾಲಪ್ಪನಿಗೆ ಬೂದಿ ಎಷ್ಟು ತೆಗೆದುಕೊಳ್ಳಬೇಕೆಂದೂ ಗೊತ್ತಿರಲಿಲ್ಲ. ಲಾಲಮ್ಮ ಪಕ್ಕದಲ್ಲಿ ಕೂತು, “ತಳ ಬಿಡಬ್ಯಾಡ್ರಿ ಸರ... ಕತ್ತ ಬಗ್ಗಸ್ರಿ... ಹೊಸಾ ಸೊಸಿ ಅದೀನಿ ಅಂತ ತಿಳಕೋರಿ” ಎಂದು ಹೇಳಿಕೊಡುತ್ತಿದ್ದಳು.

ಐದು ಗಂಟೆಯ ಸುಮಾರಿಗೆ ಬಾಲಪ್ಪನ ಕೈ ನಿಂತಿತು. ಕಲ್ಯಾಣಮ್ಮ ಗೇಟಿನ ಕಡೆ ನೋಡಲಿಲ್ಲ. ಅವಳು ಸೆರಗಿನ ಸಂದಿಯಿಂದ ನೋಡಿದ್ದು ಬಾಲಪ್ಪನ ಮುಖವನ್ನು. ಆ ಮುಖ ಮೊದಲು ಬಿಗಿಯಿತು, ಆಮೇಲೆ ಬಾಯಿ ಅಷ್ಟಿಷ್ಟೇ ತೆರೆಯಿತು, ಆಮೇಲೆ ಅವರು ತುಟಿಯಲ್ಲೇ ಅಂದುಕೊಂಡರು: “ಬೋಳು ಕಾಲು.” ಹನ್ನೆರಡು ವರ್ಷ ಹುಡುಕಿದ ಹಕ್ಕಿ ಅಂದರೆ ಇದೇ ಏನೋ ಎನ್ನುವಷ್ಟು ಚಂದವಾಗಿ ಆ ಮುಖ ಅವಳಿಗೆ ಕಂಡಿತು.

ಗೂಬೆ ನೀರಿಗೆ ಹಾರಿ ಮೀನು ಹಿಡಿದು ಮರಕ್ಕೆ ಹೋದ ಮೇಲೆ ಬಾಲಪ್ಪ ಎದ್ದು ನಿಂತರು. ಮಂಡಿಯವರೆಗೆ ತೊಯ್ದಿದ್ದರು. “ಮೇಡಂ, ತಪ್ಪಾಯ್ತು,” ಎಂದರು ಸೀದಾ. ಪಂಪಣ್ಣ ಪರಾತ ಹಿಡಿದುಕೊಂಡೇ ಹೆಂಡತಿಯನ್ನೂ ಮರವನ್ನೂ ಬದಲಿಸಿ ಬದಲಿಸಿ ನೋಡಿದ.

ಬಾಲಪ್ಪ ಕೈ ಒರೆಸಿಕೊಂಡು ಡೈರಿ ತೆಗೆದರು. “ಕೆನಾಲ ಬಂದು ಹೊಳಿಯ ಮೀನ ಇಲ್ಲೀತನ ತಂದದ. ಅದರ ಹಿಂದ ಇದೂ ಬಂದದ. ನಮಗ ಹೊಳೀಲಿಲ್ಲ ನೋಡ್ರಿ. ಪಟ್ಟಿಯೊಳಗ ಮೊದಲು ಕಂಡವರ ಹೆಸರು ನಿಮ್ಮದೇ.” ಬರೆಯುತ್ತ, ಸುಮ್ಮನೆ ಮಾತಿಗೆಂಬಂತೆ ಲಾಲಮ್ಮನನ್ನು ಕೇಳಿದರು, “ನೀ ಯಾವಾಗಿನಿಂದ ನೋಡಾಕತ್ತೀವ್ವಾ ಇದನ್ನ?”

“ನಾ ಗಂಡನ ಮನಿಗಿ ನಡೀಲಿಕ್ಕೆ ಬಂದ ವರ್ಷದಿಂದ್ರಿ. ಹದಿನಾಕ ವರ್ಷ ಆತು. ಆಗ ಈ ಮೆಟ್ಟಿಲ ಹೊಸಾವು ಇದ್ದುವು.”

ಬಾಲಪ್ಪನ ಪೆನ್ನು ನಿಂತಿತು. ಕನ್ನಡಕದ ಮೇಲಿಂದ ಅವಳನ್ನು ನೋಡಿದರು. “ಹದಿನಾಲ್ಕು ವರ್ಷ? ಖರೇನು?”

ಲಾಲಮ್ಮ ಏನೋ ಹೇಳಲು ಬಾಯಿ ತೆರೆದಳು. ಅದಕ್ಕೂ ಮೊದಲೇ ಕಲ್ಯಾಣಮ್ಮ ಎದ್ದು ನಿಂತಿದ್ದಳು. ಮುಖದ ಮೇಲೆ ಮಸಿ, ಮೊಣಕೈವರೆಗೆ ಬೂದಿ. ಅವಳ ದನಿ ಶಾಲೆಯ ಕೊನೆಯ ಬೆಂಚಿಗೆ ಮುಟ್ಟುವಷ್ಟು ಗಟ್ಟಿಯಾಗಿತ್ತು.

“ಆಕಿ ಹೇಳ್ಯಾಳಲ್ರಿ ಸರ್, ಬರಕೋರಿ. ಮೊದಲ ಆಕಿ ಹೆಸರು. ನಂದು ಕೆಳಗ.”

“ಹಾಂಗಂದ್ರ ಮೇಡಂ, ನಿಮ್ಮ ದಾಖಲೆ...”

“ಕೆಳಗ ಬರೀರಿ. ಲಾಲಮ್ಮ, ಅಡಗಿ ಕೆಲಸ, ದೇವಾಪುರ. ಹದಿನಾಲ್ಕು ವರ್ಷ. ಕಂಸ ಹಾಕಬ್ಯಾಡ್ರಿ.”

ಬಾಲಪ್ಪ ಬರೆದರು. ಬರೆಯುತ್ತ ಗಟ್ಟಿಯಾಗಿ ಓದಿಕೊಳ್ಳುವುದು ಅವರ ಅಭ್ಯಾಸ. “ಲಾ-ಲ-ಮ್ಮ...”

“ಸರ, ಕೈ ಮುಗೀತೀನಿ, ನೀವೂ ಕೂಗಬ್ಯಾಡ್ರಿ!” ಎಂದು ಲಾಲಮ್ಮ ಮರದ ಕಡೆ ನೋಡುತ್ತ ದನಿ ತಗ್ಗಿಸಿದಳು. “ನನ್ನ ಹೆಸರ ಆಕಿ ಕಿವಿಗಿ ಬಿದ್ದೀತು. ಸುಮ್ಮಕ ಬರೀರಿ.” ಆಮೇಲೆ ಅವರು ಬಿಟ್ಟೆದ್ದ ಡಬರಿಯನ್ನು ಕಾಲಿನಿಂದ ಅವರತ್ತ ನೂಕಿ, “ಮತ್ತ ಇದರ ತಳ ಹಂಗೇ ಅದ. ಬರದಾದ ಮ್ಯಾಲ ತಿಕ್ಕಿ ಕೊಟ್ಟು ಹೋಗ್ರಿ” ಎಂದಳು.